ಚೊಚ್ಚಲ ಬಾಣಂತಿ ಮತ್ತು ನಂಜಿನ ಅರಿವು: ಬೆಂಗಳೂರಿನ ಐಟಿ–ಕೈಗಾರಿಕಾ ಹೊರವಲಯ

ಹೆರಿಗೆಯಾದ ಮೇಲಿನ ಆರು ವಾರಗಳಲ್ಲಿ ತಾಯಿಯ ಗರ್ಭಕೋಶ, ಹೊಲಿಗೆ, ಮೂತ್ರನಾಳ, ಮೊಲೆ ಮುಂತಾದೆಡೆ ತಗಲುವ ಸೋಂಕುಗಳಿಗೆ ಒಟ್ಟಾಗಿ ಬಾಣಂತಿ ನಂಜು ಎಂದು ಹೆಸರು. ವೈದ್ಯರ ಬರಹಗಳಲ್ಲಿ ಸೂತಿಕಾ ನಂಜು, ಪ್ರಸವೋತ್ತರ ಸೋಂಕು ಎಂಬ ಮಾತುಗಳಿವೆ. ಹಳಬರು ಬಾಣಂತಿ ಜ್ವರ ಎನ್ನುತ್ತಿದ್ದರು. ಜ್ವರ ತಲೆಗೇರಿ ಬಾಣಂತಿ ಬಡಬಡಿಸತೊಡಗಿದರೆ ಸನ್ನಿ ಎನ್ನುತ್ತಿದ್ದರು. ಗರ್ಭಚೀಲ ಒಡೆದು ನೀರು ಹೋದ ಗಳಿಗೆಯಿಂದ ಹೆರಿಗೆಯ ನಂತರದ 42ನೆಯ ದಿನದವರೆಗೆ ಜನನಾಂಗದ ಭಾಗದಲ್ಲಿ ಕಾಣಿಸಿಕೊಳ್ಳುವ ಸೋಂಕನ್ನು ವಿಶ್ವ ಆರೋಗ್ಯ ಸಂಸ್ಥೆ ಸೂತಿಕಾ ನಂಜು ಎಂಬ ಹೆಸರಿನಡಿ ತರುತ್ತದೆ. ಸೋಂಕು ರಕ್ತಕ್ಕೆ ಹರಡಿ ಮೂತ್ರಪಿಂಡ, ಶ್ವಾಸಕೋಶ, ಹೃದಯಗಳ ಕೆಲಸ ಕೆಡತೊಡಗಿದರೆ ಅದು ಪ್ರಾಣಕ್ಕೆ ಕುತ್ತಾಗುವ ನಂಜು. ಆ ಹಂತಕ್ಕೆ ಹೋಗಲು ಕೆಲವೊಮ್ಮೆ ವಾರ ಹಿಡಿಯುತ್ತದೆ, ಕೆಲವೊಮ್ಮೆ ಒಂದು ರಾತ್ರಿ ಸಾಕು.

ಜಗತ್ತಿನಲ್ಲಿ ಸಾಯುವ ತಾಯಂದಿರಲ್ಲಿ ಸುಮಾರು ಹತ್ತರಲ್ಲೊಬ್ಬರ ಸಾವಿಗೆ ನಂಜೇ ನೇರ ಕಾರಣ. ವಿಶ್ವ ಆರೋಗ್ಯ ಸಂಸ್ಥೆ 52 ದೇಶಗಳ ಆಸ್ಪತ್ರೆಗಳಲ್ಲಿ ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಪ್ರತಿ ಸಾವಿರ ಜೀವಂತ ಜನನಕ್ಕೆ ಸುಮಾರು 70 ಮಹಿಳೆಯರು ಬಸಿರು–ಬಾಣಂತನದ ಸೋಂಕಿನಿಂದಾಗಿ ಆಸ್ಪತ್ರೆಯ ಆರೈಕೆ ಪಡೆಯುತ್ತಾರೆ; ಅವರಲ್ಲಿ ಸುಮಾರು 11 ಮಂದಿಯ ಸ್ಥಿತಿ ಪ್ರಾಣಾಪಾಯದ ಮಟ್ಟ ಮುಟ್ಟುತ್ತದೆ. ಕರ್ನಾಟಕದಲ್ಲಿ ತಾಯಿ ಮರಣದ ಪ್ರಮಾಣ ಇಳಿಯುತ್ತ ಬಂದಿದೆ: 2018–20ರ ಮಾದರಿ ನೋಂದಣಿ ವರದಿಯಲ್ಲಿ ಲಕ್ಷ ಜೀವಂತ ಜನನಕ್ಕೆ 69. ದೇಶದ ಸರಾಸರಿ ಆಗ 97 ಇದ್ದುದರಿಂದ ಈ ಅಂಕಿ ಸಮಾಧಾನ ತರುವಂತೆ ಕಾಣುತ್ತದೆ. ಆದರೆ ಅದೇ ವರದಿಯಲ್ಲಿ ಕೇರಳದ್ದು 19, ತೆಲಂಗಾಣದ್ದು 43, ಆಂಧ್ರದ್ದು 45, ತಮಿಳುನಾಡಿನದು 54. ದಕ್ಷಿಣದ ಐದು ರಾಜ್ಯಗಳಲ್ಲಿ ನಮ್ಮದೇ ಹೆಚ್ಚು.

ಈ ಲೇಖನ ನಂಜಿನ ವೈದ್ಯವನ್ನಷ್ಟೇ ಹೇಳುವುದಿಲ್ಲ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳಲ್ಲಿ ಮೊದಲ ಮಗುವನ್ನು ಹೆತ್ತ ಹೆಣ್ಣುಮಗಳಿಗೆ ನಂಜಿನ ಬಗ್ಗೆ ಏನು ತಿಳಿದಿರುತ್ತದೆ, ತಿಳಿದದ್ದು ಹೊತ್ತಿಗೆ ಸರಿಯಾಗಿ ಏಕೆ ಒದಗುವುದಿಲ್ಲ ಎಂಬುದು ಇಲ್ಲಿನ ಮುಖ್ಯ ವಿಷಯ.

ನಂಜು ಹತ್ತುವ ಬಗೆ

ಮಗು ಹುಟ್ಟಿ ಮಾಸು ಕಳಚಿದಾಗ ಗರ್ಭಕೋಶದ ಒಳಗೋಡೆಯಲ್ಲಿ ಅಂಗೈಯಗಲದ ಹಸಿಗಾಯ ಉಳಿಯುತ್ತದೆ. ಕಣ್ಣಿಗೆ ಕಾಣದ ಆ ಗಾಯ ಮಾಯಲು ಆರು ವಾರ ಬೇಕು. ಗರ್ಭಕೋಶದ ಬಾಯಿ ಇನ್ನೂ ಪೂರ್ತಿ ಮುಚ್ಚಿರುವುದಿಲ್ಲ. ಒಳಗೆ ರಕ್ತವಿದೆ, ಸತ್ತ ಅಂಗಾಂಶವಿದೆ, ಬೆಚ್ಚಗಿದೆ. ಸೂಕ್ಷ್ಮಾಣುಗಳಿಗೆ ಇದಕ್ಕಿಂತ ಒಳ್ಳೆಯ ನೆಲೆ ಬೇಕಿಲ್ಲ. ತಾಯಿಯ ಕರುಳಿನಲ್ಲಿ ನಿರಪಾಯವಾಗಿರುವ ಈ–ಕೊಲೈ, ಚರ್ಮದ ಮೇಲಿನ ಸ್ಟೆಫಿಲೊಕಾಕಸ್, ಇನ್ನೊಬ್ಬರ ಗಂಟಲಿನಿಂದ ಇಲ್ಲವೇ ಕೈಯಿಂದ ಬರುವ ಸ್ಟ್ರೆಪ್ಟೊಕಾಕಸ್ – ಇವು ಮುಖ್ಯ ಕಾರಣಗಳು. ಕೊನೆಯದು ಅಪರೂಪ, ಆದರೆ ಎಲ್ಲಕ್ಕಿಂತ ಕ್ರೂರ. ಬೆಳಿಗ್ಗೆ ಮೈಕೈ ನೋವೆಂದವಳು ಸಂಜೆಗೆ ತೀವ್ರ ನಿಗಾ ಘಟಕ ಸೇರುವಂತೆ ಮಾಡಬಲ್ಲದು.

ನೋವು ಬಹಳ ಹೊತ್ತು ಎಳೆದಾಗ, ನೀರು ಹೋಗಿ ತಾಸುಗಟ್ಟಲೆ ಹೆರಿಗೆಯಾಗದಿದ್ದಾಗ, ಒಳಪರೀಕ್ಷೆ ಪದೇಪದೇ ನಡೆದಾಗ, ಮಾಸಿನ ಚೂರು ಒಳಗೇ ಉಳಿದಾಗ ಸೋಂಕಿನ ಸಾಧ್ಯತೆ ಏರುತ್ತದೆ. ಚೊಚ್ಚಲ ಹೆರಿಗೆಯ ನೋವು ಸಾಮಾನ್ಯವಾಗಿ ಮುಂದಿನ ಹೆರಿಗೆಗಳಿಗಿಂತ ದೀರ್ಘ. ಕೆಳಗೆ ಕತ್ತರಿಸಿ ಹೊಲಿಗೆ ಹಾಕುವ ಸಂದರ್ಭವೂ ಅದರಲ್ಲೇ ಹೆಚ್ಚು. ರಕ್ತಹೀನತೆ, ಸಕ್ಕರೆ ಕಾಯಿಲೆ ಇದ್ದವರಿಗೆ ಅಪಾಯ ಇನ್ನೂ ಜಾಸ್ತಿ. ಇವೆಲ್ಲಕ್ಕಿಂತ ದೊಡ್ಡ ಕಾರಣ ಸಿಸೇರಿಯನ್. ಸಹಜ ಹೆರಿಗೆಗೆ ಹೋಲಿಸಿದರೆ ಸಿಸೇರಿಯನ್ ನಂತರ ಸೋಂಕಿನ ಸಾಧ್ಯತೆ 5ರಿಂದ 20 ಪಟ್ಟು ಎಂದು ಅಂದಾಜಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಶೇ 97 ಆಸ್ಪತ್ರೆಗಳಲ್ಲೇ ಆಗುತ್ತವೆ, ಶೇ 31.5 ಸಿಸೇರಿಯನ್. ಹಿಂದಿನ ಸಮೀಕ್ಷೆಯಲ್ಲಿ ಸಿಸೇರಿಯನ್ ಪ್ರಮಾಣ ಶೇ 23.6 ಇತ್ತು. ಹೆರಿಗೆ ಮನೆಯಿಂದ ಆಸ್ಪತ್ರೆಗೆ ಬಂದದ್ದರಿಂದ ಹಳೆಯ ಬಗೆಯ ನಂಜು, ಮುಖ್ಯವಾಗಿ ಧನುರ್ವಾಯು, ಹಿಂದೆ ಸರಿಯಿತು. ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಭಾರತ ನಿರ್ಮೂಲನೆ ಮಾಡಿದೆ ಎಂದು 2015ರಲ್ಲಿ ಘೋಷಣೆಯಾಯಿತು. ಅದೇ ಹೊತ್ತಿಗೆ ಹೊಟ್ಟೆಯ ಮೇಲಿನ ಹೊಲಿಗೆ ಮೂರು ತಾಯಂದಿರಲ್ಲಿ ಒಬ್ಬರ ಪಾಲಿನದಾಯಿತು.

ಈ ರೋಗದ ಮೋಸಗಾರಿಕೆ ಎರಡು ಕಡೆ ಇದೆ. ಬಾಣಂತಿಯ ಮೈ ಎಳೆಯದು, ಗಟ್ಟಿಯದು; ರಕ್ತದೊತ್ತಡ ಕುಸಿಯುವ ತನಕ ಹೇಗೋ ನಿಭಾಯಿಸುತ್ತದೆ, ಕುಸಿದರೆ ಒಮ್ಮೆಲೇ ಕುಸಿಯುತ್ತದೆ. ಇನ್ನೊಂದು, ಹೊಲಿಗೆಯ ನೋವಿಗೆಂದು ಕೊಡುವ ಪ್ಯಾರಾಸಿಟಮಾಲ್, ಡೈಕ್ಲೊಫೆನಾಕ್ ಮಾತ್ರೆಗಳು ಜ್ವರವನ್ನೂ ಮುಚ್ಚಿಬಿಡುತ್ತವೆ. ದಿನಕ್ಕೆ ಮೂರು ಹೊತ್ತು ಅವನ್ನು ನುಂಗುತ್ತಿರುವವಳ ಮೈ ಬಿಸಿಯಾಗಿಲ್ಲ ಎಂದಮಾತ್ರಕ್ಕೆ ಸೋಂಕಿಲ್ಲ ಎನ್ನಲಾಗದು. ಮತ್ತೆ, ಬೆಂಗಳೂರಿನ ಮಳೆಗಾಲದಲ್ಲಿ ಬಾಣಂತಿಗೆ ಬರುವ ಎಲ್ಲ ಜ್ವರವೂ ಹೆರಿಗೆಯ ನಂಜಲ್ಲ. ಡೆಂಗಿ ಇರಬಹುದು, ಟೈಫಾಯ್ಡ್ ಇರಬಹುದು. ಯಾವುದೆಂದು ಹೇಳಬೇಕಾದದ್ದು ರಕ್ತಪರೀಕ್ಷೆ, ನೆರೆಮನೆಯವರಲ್ಲ.

ಮೂರು ವಲಯಗಳು

ವೈಟ್‌ಫೀಲ್ಡ್ 1880ರ ದಶಕದಲ್ಲಿ ಆಂಗ್ಲೋ–ಇಂಡಿಯನ್ನರಿಗಾಗಿ ಹುಟ್ಟಿದ ಪುಟ್ಟ ವಸತಿ. 1990ರ ದಶಕದ ಕೊನೆಗೆ ಐಟಿ ಪಾರ್ಕ್ ಬಂದ ಮೇಲೆ ಸುತ್ತಲಿನ ಹೂಡಿ, ಪಟ್ಟಂದೂರು ಅಗ್ರಹಾರ, ಕಾಡುಗೋಡಿಗಳನ್ನು ನುಂಗಿ ಬೆಳೆಯಿತು. ಎಲೆಕ್ಟ್ರಾನಿಕ್ ಸಿಟಿ ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್‌ನ ಮೊದಲ ಮುಖ್ಯಸ್ಥ ಆರ್.ಕೆ. ಬಾಳಿಗಾ ಅವರ ಕನಸು. 1970ರ ದಶಕದ ಕೊನೆಗೆ ಕೋಣಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಹೊಲದಲ್ಲಿ ಮೊಳೆಯಿತು. ಪೀಣ್ಯ ಲೇತು, ಪ್ರೆಸ್ಸು, ಗಾರ್ಮೆಂಟ್ಸ್‌ಗಳ ಊರು. ಸಾವಿರಾರು ಸಣ್ಣ ಕಾರ್ಖಾನೆಗಳ ನಡುವೆ ಲಗ್ಗೆರೆ, ಹೆಗ್ಗನಹಳ್ಳಿ, ಚೊಕ್ಕಸಂದ್ರಗಳ ಬಾಡಿಗೆ ಮನೆಗಳು.

ಮೂರರಲ್ಲೂ ಸಮಾನವಾದದ್ದು ಒಂದೇ: ಇಲ್ಲಿ ಹೆರುವವರಲ್ಲಿ ಇಲ್ಲೇ ಹುಟ್ಟಿ ಬೆಳೆದವರು ಕಡಿಮೆ. ಅಪಾರ್ಟ್‌ಮೆಂಟಿನ ಹನ್ನೊಂದನೆಯ ಮಹಡಿಯಲ್ಲಿರುವ ಸಾಫ್ಟ್‌ವೇರ್ ಉದ್ಯೋಗಿ ಹುಬ್ಬಳ್ಳಿಯವಳೋ ವಿಜಯವಾಡದವಳೋ ಆಗಿರುತ್ತಾಳೆ. ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವವಳು ಮಂಡ್ಯ, ತುಮಕೂರಿನವಳು. ಈಚಿನ ವರ್ಷಗಳಲ್ಲಿ ಒಡಿಶಾ, ಜಾರ್ಖಂಡ್, ಅಸ್ಸಾಮಿನವಳೂ ಹೌದು. ಕಟ್ಟಡ ಕೆಲಸದ ತಗಡಿನ ಶೆಡ್ಡಿನಲ್ಲಿರುವವಳು ಯಾದಗಿರಿ, ರಾಯಚೂರು, ಕಲಬುರಗಿಯ ಕಡೆಯವಳು. ಇವರಿಗೆ ಸಿಗುವ ಆಸ್ಪತ್ರೆಗಳೂ ಬೇರೆ ಬೇರೆ. ಸಾಫ್ಟ್‌ವೇರ್ ಕುಟುಂಬಕ್ಕೆ ಕಂಪನಿಯ ವಿಮೆ ಒಪ್ಪುವ ಖಾಸಗಿ ಹೆರಿಗೆ ಆಸ್ಪತ್ರೆ. ಕಾರ್ಖಾನೆಯವಳಿಗೆ ನೌಕರರ ರಾಜ್ಯ ವಿಮೆ, ಅಂದರೆ ಇಎಸ್‌ಐ; ಅದರ ಆಸ್ಪತ್ರೆಗಳು ಪೀಣ್ಯದಲ್ಲೂ ರಾಜಾಜಿನಗರದಲ್ಲೂ ಇವೆ. ಉಳಿದವರಿಗೆ ಪಾಲಿಕೆಯ ಹೆರಿಗೆ ಆಸ್ಪತ್ರೆ, ವೈಟ್‌ಫೀಲ್ಡ್ ಕಡೆಗೆ ಸಿ.ವಿ. ರಾಮನ್ ನಗರದ ಸಾರ್ವಜನಿಕ ಆಸ್ಪತ್ರೆ, ಪೀಣ್ಯದವರಿಗೆ ಮಲ್ಲೇಶ್ವರದ ಕೆ.ಸಿ. ಜನರಲ್, ಎಲೆಕ್ಟ್ರಾನಿಕ್ ಸಿಟಿಯವರಿಗೆ ಆನೇಕಲ್ ಅಥವಾ ಜಯನಗರ. ಸ್ಥಿತಿ ಬಿಗಡಾಯಿಸಿದರೆ ಎಲ್ಲ ದಾರಿಯೂ ಸಿಟಿ ಮಾರ್ಕೆಟ್ ಪಕ್ಕದ ವಾಣಿವಿಲಾಸಕ್ಕೆ. 1935ರಲ್ಲಿ ಆರಂಭವಾದ ಆ ಆಸ್ಪತ್ರೆ ಇಂದಿಗೂ ಬೆಂಗಳೂರಿನ ಬಡ ತಾಯಂದಿರ ಕೊನೆಯ ಆಸರೆ.

ಕಾಗದ ಪತ್ರದ ತೊಡಕೂ ಇದೆ. 2022ರ ನವೆಂಬರಿನಲ್ಲಿ ತುಮಕೂರಿನಲ್ಲಿ ಬಸುರಿಯರ ನೋಂದಣಿಯ ತಾಯಿ ಕಾರ್ಡ್, ಆಧಾರ್ ಇಲ್ಲವೆಂದು ಜಿಲ್ಲಾಸ್ಪತ್ರೆಯಿಂದ ವಾಪಸು ಕಳಿಸಿದರೆನ್ನಲಾದ ಹೊರರಾಜ್ಯದ ಬಸುರಿಯೊಬ್ಬಳು ಮನೆಯಲ್ಲೇ ಹೆತ್ತು, ಅವಳಿ ಕೂಸುಗಳೊಂದಿಗೆ ತೀರಿಕೊಂಡಳು. ಅದು ನಂಜಿನ ಪ್ರಕರಣವಲ್ಲ. ಆದರೆ ಕಾರ್ಡ್ ಇಲ್ಲದವಳು ಜ್ವರ ಬಂದಾಗ ಆಸ್ಪತ್ರೆಯ ಬಾಗಿಲಿಗೆ ಹೋಗಲು ಏಕೆ ಹಿಂಜರಿಯುತ್ತಾಳೆ ಎಂಬುದನ್ನು ಅರ್ಥಮಾಡಿಕೊಳ್ಳಲು ಅದನ್ನು ನೆನೆಯಬೇಕು.

ಮೊದಲ ಬಾರಿಯವಳಿಗೆ ಅಳತೆಗೋಲಿಲ್ಲ

ಎರಡನೆಯ ಹೆರಿಗೆಯವಳು ಮೊದಲನೆಯದರ ಜೊತೆ ಹೋಲಿಸಿ ನೋಡುತ್ತಾಳೆ. ‘ಹೋದ ಸಲ ಇಷ್ಟು ನೋವಿರಲಿಲ್ಲ’ ಎಂಬ ಒಂದು ಮಾತು ಅವಳನ್ನು ಉಳಿಸಬಲ್ಲದು. ಚೊಚ್ಚಲ ಬಾಣಂತಿಗೆ ಆ ಹೋಲಿಕೆಯೇ ಇಲ್ಲ. ಹೊಟ್ಟೆ ನೋಯುತ್ತಿದೆ, ರಕ್ತ ಹೋಗುತ್ತಿದೆ, ಮೊಲೆ ಕಲ್ಲಾಗಿದೆ, ನಿದ್ದೆಯಿಲ್ಲ, ಎದ್ದರೆ ತಲೆ ತಿರುಗುತ್ತದೆ – ಇದೆಲ್ಲ ಹೆತ್ತವರಿಗೆಲ್ಲ ಆಗುವುದೇ ಎಂದುಕೊಳ್ಳುತ್ತಾಳೆ. ಬಹುಪಾಲು ಅದು ನಿಜವೂ ಹೌದು. ಸಹಜವಾದದ್ದು ಎಲ್ಲಿ ಮುಗಿದು ಅಸಹಜವಾದದ್ದು ಎಲ್ಲಿ ಶುರುವಾಗುತ್ತದೆ ಎಂಬುದನ್ನು ಅವಳಿಗೆ ಯಾರಾದರೂ ಹೇಳಿಕೊಡಬೇಕು. ಅರಿವು ಎಂಬ ದೊಡ್ಡ ಮಾತಿನ ತಿರುಳು ಇಷ್ಟೇ ಎಂಬುದು ಈ ಲೇಖಕರ ಅಭಿಪ್ರಾಯ: ರೋಗದ ಹೆಸರುಗಳಲ್ಲ, ಸಹಜದ ಗಡಿ.

ಆ ಗಡಿಯನ್ನು ಹೀಗೆ ಹೇಳಬಹುದು. ಹೆರಿಗೆಯ ನಂತರದ ಸ್ರಾವ ಮೊದಲ ಮೂರು ನಾಲ್ಕು ದಿನ ಕೆಂಪಾಗಿ, ಆಮೇಲೆ ಹತ್ತು ದಿನದ ತನಕ ಕಂದು–ಗುಲಾಬಿಯಾಗಿ, ನಂತರ ಬಿಳಿ–ಹಳದಿಯಾಗಿ ತಿಳಿಯಾಗುತ್ತ ನಾಲ್ಕರಿಂದ ಆರು ವಾರಕ್ಕೆ ನಿಲ್ಲುತ್ತದೆ. ಅದಕ್ಕೆ ಮುಟ್ಟಿನ ವಾಸನೆಯಂಥದೇ ವಾಸನೆ. ಕೊಳೆತ ನಾತ ಬಂದರೆ, ಕಡಿಮೆಯಾಗಿದ್ದ ಸ್ರಾವ ಮತ್ತೆ ಕೆಂಪಾಗಿ ಹೆಚ್ಚಿದರೆ ಗಡಿ ದಾಟಿತು ಎಂದು ತಿಳಿಯಬೇಕು. ಕಿಬ್ಬೊಟ್ಟೆಯ ನೋವು ದಿನದಿನಕ್ಕೆ ಇಳಿಯಬೇಕು. ಏರಿದರೆ ಅದು ಸಹಜವಲ್ಲ. ಹೊಲಿಗೆ ಮೊದಲ ದಿನಗಳಲ್ಲಿ ಎಳೆದಂತಾಗುವುದು ಸಹಜ. ಸುತ್ತ ಕೆಂಪಾಗಿ ಊದಿ, ಮುಟ್ಟಿದರೆ ಬಿಸಿಯಾಗಿ, ನೀರೋ ಕೀವೋ ಜಿನುಗಿದರೆ, ಅಂಚು ಬಿಚ್ಚಿಕೊಂಡರೆ ಸಹಜವಲ್ಲ. ಜ್ವರಮಾಪಕ 38 ಡಿಗ್ರಿ ಸೆಲ್ಸಿಯಸ್, ಅಂದರೆ ಫ್ಯಾರನ್‌ಹೀಟಿನ 100.4 ತೋರಿಸಿದರೆ, ಹಲ್ಲು ಕಟಕಟಿಸುವ ಚಳಿ ಹತ್ತಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಉಸಿರು ಮೇಲುಸಿರಾದರೆ, ಎದೆ ಡವಗುಟ್ಟಿದರೆ, ಮೂತ್ರ ಕಡಿಮೆಯಾದರೆ, ಮಾತು ತೊದಲಿ ಮಂಕು ಕವಿದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ. ಮೈ ತಣ್ಣಗಾಗಿ ಬೆವರುವುದೂ ಕೆಲವೊಮ್ಮೆ ಜ್ವರದಷ್ಟೇ ಕೆಟ್ಟ ಸೂಚನೆ.

ಮೊಲೆಯ ವಿಷಯ ಬೇರೆಯೇ ಹೇಳಬೇಕು, ಏಕೆಂದರೆ ಅಲ್ಲಿ ತಪ್ಪು ತಿಳಿವಳಿಕೆ ಹೆಚ್ಚು. ಹಾಲು ಕಟ್ಟಿಕೊಂಡು ಮೊಲೆ ಭಾರವಾಗುವುದು ಮೂರನೆಯ ದಿನದ ಆಸುಪಾಸಿನಲ್ಲಿ ಹೆಚ್ಚಿನವರಿಗೆ ಆಗುತ್ತದೆ, ಕೂಸು ಕುಡಿದಂತೆ ಇಳಿಯುತ್ತದೆ. ಒಂದೇ ಕಡೆ ಗಟ್ಟಿಯಾಗಿ ಕೆಂಪು ಪಟ್ಟೆ ಮೂಡಿ ಚಳಿಜ್ವರ ಬಂದರೆ ಅದು ಮೊಲೆಯ ಬಾವು. ಆಗ ‘ಹಾಲು ಕೆಟ್ಟಿದೆ, ಮಗುವಿಗೆ ಕೊಡಬೇಡ’ ಎಂದು ಮನೆಯವರು ತಡೆಯುತ್ತಾರೆ. ಹಾಲು ನಿಲ್ಲಿಸಿದರೆ ಬಾವು ಕೀವುಗಟ್ಟುವ ಸಾಧ್ಯತೆ ಹೆಚ್ಚುತ್ತದೆ. ಇಂಥ ವೇಳೆ ಹಾಲೂಡಿಸುವುದನ್ನು ಮುಂದುವರಿಸಬೇಕು, ಜೊತೆಗೆ ವೈದ್ಯರನ್ನು ಕಾಣಬೇಕು.

‘ನಂಜು’ ಎಂಬ ಮಾತು

ಕನ್ನಡದಲ್ಲಿ ನಂಜು ಎಂದರೆ ವಿಷ. ಗಾಯ ಕೀವಾದರೂ ನಂಜು, ಹಾವು ಕಚ್ಚಿದರೂ ನಂಜು. ಜೊತೆಗೆ ನಂಜಿನ ಪದಾರ್ಥಗಳೆಂಬ ಪಟ್ಟಿಯೊಂದು ಮನೆಮನೆಯಲ್ಲಿದೆ: ಬದನೆಕಾಯಿ, ಆಲೂಗಡ್ಡೆ, ಕೆಲವು ಜಾತಿಯ ಮೀನು. ಪಟ್ಟಿ ಸೀಮೆಯಿಂದ ಸೀಮೆಗೆ ಬದಲಾಗುತ್ತದೆ. ಬಾಣಂತಿಗೆ ಇವು ವರ್ಜ್ಯ. ಆದ್ದರಿಂದ ಹೊಲಿಗೆ ಕೀವಾದಾಗ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ‘ಏನು ತಿಂದೆ?’ ಎಂಬುದು. ಹುಡುಗಿ ನಿನ್ನೆ ಸಾಂಬಾರಿನಲ್ಲಿ ಬದನೆ ಹೋಳು ತಿಂದದ್ದು ನೆನಪಾಗುತ್ತದೆ, ತಪ್ಪು ಅವಳದಾಗುತ್ತದೆ. ಎರಡು ದಿನ ಬರೀ ಮೆಣಸಿನ ಸಾರು ಅನ್ನ ಕೊಟ್ಟು ನೋಡುತ್ತಾರೆ. ನಂಜಿಗೆ ಆ ಎರಡು ದಿನ ಸಾಕು.

ಜ್ವರಕ್ಕೂ ಹೀಗೆಯೇ ಉತ್ತರಗಳು ಸಿದ್ಧವಾಗಿವೆ. ತಣ್ಣೀರು ಮುಟ್ಟಿದಳು, ಶೀತವಾಯಿತು. ಹಾಲು ಇಳಿಯುವಾಗ ಮೈ ಕಾಯುತ್ತದೆ. ಯಾರದೋ ದೃಷ್ಟಿ ತಾಕಿತು. ಇವನ್ನು ಮೂಢನಂಬಿಕೆ ಎಂದು ಜರೆದು ಮುಂದೆ ಹೋಗುವುದು ಸುಲಭ. ಆದರೆ ಮನೆಯ ಹಿರಿಯ ಹೆಂಗಸು ಬಾಣಂತಿಯ ಮೈ ಬಿಸಿಯನ್ನು, ಸ್ರಾವದ ಬಣ್ಣವನ್ನು, ಹೊಲಿಗೆಯನ್ನು ದಿನವೂ ಗಮನಿಸುತ್ತಾಳೆ ಎಂಬುದನ್ನು ಮರೆಯಬಾರದು. ಯಾವ ವೈದ್ಯರೂ ಆರು ವಾರ ಅಷ್ಟು ಹತ್ತಿರದಿಂದ ನೋಡುವುದಿಲ್ಲ. ಅವಳ ಕಣ್ಣು ಸರಿಯಾಗಿಯೇ ಇದೆ, ತೀರ್ಮಾನ ತಪ್ಪಿದೆ. ಆಸ್ಪತ್ರೆಯವರು ‘ಇನ್ಫೆಕ್ಷನ್’ ಎನ್ನುತ್ತಾರೆ, ಕರಪತ್ರಗಳು ‘ಸೋಂಕು’ ಎನ್ನುತ್ತವೆ. ಕೊರೊನಾದ ನಂತರ ಸೋಂಕೆಂದರೆ ಒಬ್ಬರಿಂದೊಬ್ಬರಿಗೆ ಅಂಟುವ ರೋಗವೆಂಬ ಅರ್ಥ ಜನರಲ್ಲಿ ಗಟ್ಟಿಯಾಗಿದೆ; ನಾಲ್ಕು ಗೋಡೆಯೊಳಗಿನ ಬಾಣಂತಿಗೆ ಅದು ಎಲ್ಲಿಂದ ಬಂತು ಎಂದು ಕೇಳುತ್ತಾರೆ. ‘ಒಳಗಿನ ಗಾಯ ನಂಜಾಗಿದೆ, ಇದು ಊಟದಿಂದ ಬಂದ ನಂಜಲ್ಲ’ ಎಂದರೆ ಅಜ್ಜಿಗೂ ತಟ್ಟನೆ ತಿಳಿಯುತ್ತದೆ. ತಿಳಿವಳಿಕೆ ಕೊಡುವವರು ಈ ಹಳೆಯ ಮಾತನ್ನು ಬಿಡಬಾರದು.

ಬಾಣಂತನ, ತವರು, ಸೂಲಗಿತ್ತಿ

ಚೊಚ್ಚಲ ಬಾಣಂತನ ತವರಿನವರ ಹೊಣೆ ಎಂಬುದು ಕನ್ನಡ ನಾಡಿನಾದ್ಯಂತ ನಡೆದುಬಂದ ರೀತಿ. ಸೀಮಂತವೋ ಕುಬುಸವೋ ಮುಗಿದ ಮೇಲೆ ಬಸುರಿ ತವರಿಗೆ ಹೋಗುತ್ತಾಳೆ, ಮೂರು ಅಥವಾ ಐದು ತಿಂಗಳಿಗೆ ತೊಟ್ಟಿಲೊಂದಿಗೆ ಮರಳುತ್ತಾಳೆ. ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮೆಂತ್ಯದ ಲೇಹ್ಯ, ಉತ್ತರ ಕರ್ನಾಟಕದಲ್ಲಿ ಅಂಟಿನ ಉಂಡೆ. ಇದರಲ್ಲಿ ಒಳ್ಳೆಯದು ಬಹಳ ಇದೆ: ಮನೆಗೆಲಸದಿಂದ ಬಿಡುವು, ನಿದ್ದೆ, ಹೊಟ್ಟೆ ತುಂಬ ಊಟ, ಬಂದುಹೋಗುವವರ ಮುಟ್ಟಾಟವಿಲ್ಲದ ಬೇರೆ ಕೋಣೆ. ನಂಜಿನ ದೃಷ್ಟಿಯಿಂದ ಕೆಟ್ಟದ್ದೂ ಇದೆ. ಹೊಟ್ಟೆ ಬರುತ್ತದೆಂದು ನೀರು ಕೊಡದಿರುವುದು ಉರಿಮೂತ್ರಕ್ಕೆ ದಾರಿ. ರಕ್ತದ ಬಟ್ಟೆಯನ್ನು ಗಂಡಸರ ಕಣ್ಣಿಗೆ ಬೀಳದಂತೆ ಬಚ್ಚಲ ಮೂಲೆಯಲ್ಲಿ ಒಣಗಿಸಿದರೆ ಅದು ಬಿಸಿಲು ಕಾಣದೆ ತೇವವಾಗೇ ಉಳಿಯುತ್ತದೆ. ಹಸಿ ಹೊಲಿಗೆಗೆ ಅರಿಸಿನ, ಎಣ್ಣೆ, ಬೂದಿ ಹಚ್ಚುವುದು, ಸಿಸೇರಿಯನ್ ಹೊಲಿಗೆಯ ಮೇಲೆ ಸೀರೆ ಬಿಗಿದು ಕಟ್ಟುವುದು ಗಾಯಕ್ಕೆ ಗಾಳಿಯಾಡದಂತೆ ಮಾಡುತ್ತವೆ.

ಸೂಲಗಿತ್ತಿಯರ ಕಾಲದ ನಂಜೆಲ್ಲ ಅವರ ಕೈಯಿಂದಲೇ ಬಂದದ್ದು ಎಂಬ ಮಾತನ್ನು ಅರೆಬರೆ ಓದಿದವರು ಆಡುತ್ತಾರೆ. ಚರಿತ್ರೆ ಅಷ್ಟು ಸರಳವಲ್ಲ. 1847ರಲ್ಲಿ ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಕಂಡುಕೊಂಡದ್ದು ಇದಕ್ಕೆ ತದ್ವಿರುದ್ಧ: ಸೂಲಗಿತ್ತಿಯರು ನೋಡಿಕೊಳ್ಳುತ್ತಿದ್ದ ವಿಭಾಗದಲ್ಲಿ ಬಾಣಂತಿಯರ ಸಾವು ಕಡಿಮೆ, ಶವಪರೀಕ್ಷೆ ಮುಗಿಸಿ ನೇರವಾಗಿ ಬರುತ್ತಿದ್ದ ವೈದ್ಯರು, ವಿದ್ಯಾರ್ಥಿಗಳ ವಿಭಾಗದಲ್ಲಿ ಹೆಚ್ಚು. ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಿಸಿದ ಮೇಲೆ ಅಲ್ಲಿನ ಸಾವು ಇಳಿಯಿತು. ನಮ್ಮಲ್ಲಿ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ವಿದ್ಯುತ್ತು, ಆಸ್ಪತ್ರೆ ಯಾವುದೂ ಇಲ್ಲದ ಸೀಮೆಯಲ್ಲಿ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು ಎಂದು ಹೆಸರಾದವರು. 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷದ ಡಿಸೆಂಬರ್ 25ರಂದು ತೀರಿಕೊಂಡರು. ಸೂಲಗಿತ್ತಿ ಹೆರಿಗೆ ಮುಗಿಸಿ ಹೊರಟುಬಿಡುತ್ತಿರಲಿಲ್ಲ. ಮತ್ತೆ ಬಂದು ಮಗುವಿಗೆ ನೀರು ಹಾಕುತ್ತಿದ್ದಳು, ಬಾಣಂತಿಯ ಮುಖ ನೋಡುತ್ತಿದ್ದಳು. ಆಸ್ಪತ್ರೆಯ ಹೆರಿಗೆಯಲ್ಲಿ ಕಳೆದುಹೋದದ್ದು ಆ ಮರುಭೇಟಿ.

ಹೊರವಲಯದ ಊರುಗಳಲ್ಲಿ ತವರಿನ ಪದ್ಧತಿ ಅರ್ಧ ಮುರಿದಿದೆ. ಅಪಾರ್ಟ್‌ಮೆಂಟಿಗೆ ತಾಯಿಯೋ ಅತ್ತೆಯೋ ಬಂದು ಇರುತ್ತಾರೆ, ಇಲ್ಲವೇ ಸಂಬಳಕ್ಕೆ ಬಾಣಂತನ ಮಾಡುವ ಹೆಂಗಸು ಬರುತ್ತಾಳೆ. ಕಾರ್ಖಾನೆಯವಳು ಇಎಸ್‌ಐ ಇದೆಯೆಂದು ಇಲ್ಲೇ ಹೆತ್ತು, ಹೆರಿಗೆಯಾದ ಒಂದೆರಡು ವಾರದಲ್ಲಿ ಬಸ್ಸಿನಲ್ಲೋ ರೈಲಿನ ಜನರಲ್ ಬೋಗಿಯಲ್ಲೋ ಊರಿಗೆ ಹೊರಡುತ್ತಾಳೆ. ಸಿಸೇರಿಯನ್ ಹೊಲಿಗೆಯ ಸೋಂಕು ಸಾಮಾನ್ಯವಾಗಿ ನಾಲ್ಕರಿಂದ ಏಳನೆಯ ದಿನದ ನಡುವೆ, ಕೆಲವೊಮ್ಮೆ ಇನ್ನೂ ತಡವಾಗಿ ತಲೆಯೆತ್ತುತ್ತದೆ. ಅಂದರೆ ಹೊಲಿಗೆ ಹಾಕಿದ ಆಸ್ಪತ್ರೆ ಪೀಣ್ಯದಲ್ಲಿ, ಕೀವು ಕಂಡದ್ದು ಸಿಂಧನೂರಿನಲ್ಲಿ. ಅಲ್ಲಿನ ವೈದ್ಯರ ಕೈಯಲ್ಲಿರುವುದು ಮಡಿಚಿ ಮುದುರಿದ ಒಂದು ಡಿಸ್ಚಾರ್ಜ್ ಚೀಟಿ. ಅದೂ ಇಂಗ್ಲಿಷಿನಲ್ಲಿ, ಒಯ್ದವಳಿಗೇ ಓದಲು ಬಾರದ್ದು.

ಅರಿವನ್ನು ಅಳೆದವರು

ಬೆಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಈ ವಿಷಯ ಹೊಸದಲ್ಲ. 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸ್ನಾತಕೋತ್ತರ ನರ್ಸಿಂಗ್ ವಿದ್ಯಾರ್ಥಿಗಳು ಚೊಚ್ಚಲ ತಾಯಂದಿರ ಪ್ರಸವೋತ್ತರ ತಿಳಿವಳಿಕೆಯನ್ನು ಪ್ರಬಂಧದ ವಸ್ತುವನ್ನಾಗಿ ಆರಿಸಿಕೊಳ್ಳುತ್ತ ಬಂದಿದ್ದಾರೆ. ಕ್ರಮ ಹೆಚ್ಚುಕಡಿಮೆ ಒಂದೇ: ವಾರ್ಡಿನ ತಾಯಂದಿರಿಗೆ ಪ್ರಶ್ನಾವಳಿ ಕೊಡುವುದು, ಚಿತ್ರಗಳ ಸಹಿತ ಪಾಠ ಮಾಡುವುದು, ಕೆಲ ದಿನ ಬಿಟ್ಟು ಅದೇ ಪ್ರಶ್ನೆ ಮತ್ತೆ ಕೇಳುವುದು. ಪಾಠದ ನಂತರ ಅಂಕ ಏರುವುದು ಸಹಜವೇ. ಈ ಪ್ರಬಂಧಗಳಿಂದ ಆದ ಉಪಕಾರ ದೊಡ್ಡದು. ಬಾಣಂತಿಯ ಹಾಸಿಗೆಯ ಪಕ್ಕ ಕುಳಿತು ಕನ್ನಡದಲ್ಲಿ ವಿವರಿಸುವ ಅಭ್ಯಾಸ ಎಷ್ಟೋ ನರ್ಸುಗಳಿಗೆ ಅಲ್ಲೇ ಆಯಿತು. ಆದರೆ ಪ್ರಶ್ನೆಗೆ ಉತ್ತರಿಸುವುದು ಬೇರೆ, ರಾತ್ರಿ ಹನ್ನೊಂದಕ್ಕೆ ಗಂಡನನ್ನು ಎಬ್ಬಿಸಿ ‘ಆಸ್ಪತ್ರೆಗೆ ಹೋಗೋಣ’ ಎನ್ನುವುದು ಬೇರೆ. ಎರಡನೆಯದಕ್ಕೆ ತಿಳಿವಳಿಕೆಯ ಜೊತೆಗೆ ಮನೆಯಲ್ಲಿ ಮಾತಿಗೆ ಬೆಲೆ ಇರಬೇಕು, ಕೈಯಲ್ಲಿ ಆಟೊ ಬಾಡಿಗೆಗೆ ದುಡ್ಡಿರಬೇಕು.

ಓದಿದವಳಿಗೆ ಎಲ್ಲ ತಿಳಿದಿರುತ್ತದೆ ಎಂಬ ಎಣಿಕೆಯೂ ನಿಲ್ಲುವುದಿಲ್ಲ. ವೈಟ್‌ಫೀಲ್ಡಿನ ತಾಯಿಯ ಫೋನಿನಲ್ಲಿ ಬಸಿರಿನ ಆ್ಯಪ್ ಇರುತ್ತದೆ, ವಾಟ್ಸ್ಆ್ಯಪ್ ಗುಂಪಿರುತ್ತದೆ. ಆ ಆ್ಯಪ್ ಒಂಬತ್ತು ತಿಂಗಳು ಮಗುವಿನ ಅಳತೆ ಹೇಳುತ್ತದೆ, ಹೆರಿಗೆಯಾದ ಮರುದಿನದಿಂದ ಮಗುವಿನ ಲಸಿಕೆ ಹೇಳುತ್ತದೆ. ತಾಯಿಯ ಮಾತು ಅಲ್ಲಿಗೆ ಬಹುಮಟ್ಟಿಗೆ ಮುಗಿದಿರುತ್ತದೆ. ಗುಂಪಿನಲ್ಲಿ ಕೇಳಿದರೆ ‘ನನಗೂ ಹಾಗೇ ಆಗಿತ್ತು, ಸರಿಹೋಯಿತು’ ಎಂದು ಹತ್ತು ಉತ್ತರ ಬರುತ್ತವೆ. ಸರಿಹೋದವರಷ್ಟೇ ಉತ್ತರಿಸುತ್ತಾರೆ ಎಂಬುದು ಆ ಹೊತ್ತಿಗೆ ಹೊಳೆಯುವುದಿಲ್ಲ. ಕೆಳಗೆ ಮೆಡಿಕಲ್ ಶಾಪಿನಲ್ಲಿ ಆ್ಯಂಟಿಬಯೋಟಿಕ್ ಚೀಟಿಯಿಲ್ಲದೆ ಸಿಕ್ಕಿಬಿಟ್ಟರೆ ಎರಡು ದಿನ ನುಂಗಿ ನಿಲ್ಲಿಸುವುದೂ ನಡೆಯುತ್ತದೆ. ಸೋಂಕು ಅರೆ ಅಡಗಿ, ಔಷಧಕ್ಕೆ ಬಗ್ಗದಂತಾಗಿ ಮತ್ತೆ ಬರುತ್ತದೆ.

ಆಸ್ಪತ್ರೆಯ ಹೊಣೆ

ತಾಯಿಯ ಅರಿವನ್ನು ಹೊಗಳುವ ಭರದಲ್ಲಿ ಆಸ್ಪತ್ರೆಯ ಪಾಲನ್ನು ಮರೆಯುವಂತಿಲ್ಲ. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಹತ್ತುವ ನಂಜನ್ನು ಯಾವ ತಾಯಿಯೂ ತಡೆಯಲಾರಳು. 2024ರ ಫೆಬ್ರುವರಿಯಲ್ಲಿ ಪಾವಗಡದ ತಾಯಿ–ಮಕ್ಕಳ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೊಳಗಾದ ಮೂವರು ಮಹಿಳೆಯರು ಕೆಲವೇ ದಿನಗಳಲ್ಲಿ ಸತ್ತರು. ಸೋಂಕಿನ ಶಂಕೆಯ ಮೇಲೆ ತನಿಖೆ ನಡೆದು ಸಿಬ್ಬಂದಿಯ ಮೇಲೆ ಕ್ರಮವಾಯಿತು. ನರಸಮ್ಮನವರ ತಾಲ್ಲೂಕೇ ಅದು. ಅದೇ ವರ್ಷದ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ತಾಯಂದಿರು ಒಬ್ಬರ ಹಿಂದೊಬ್ಬರಂತೆ, ಒಟ್ಟು ಐವರು ತೀರಿಕೊಂಡರು. ಅಲ್ಲಿ ಸಂಶಯ ಬಿದ್ದದ್ದು ರಕ್ತನಾಳಕ್ಕೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ. ರಾಜ್ಯದಲ್ಲಿ ಆ ವರ್ಷದ ಏಪ್ರಿಲಿನಿಂದ ಡಿಸೆಂಬರಿನವರೆಗೆ ಸಂಭವಿಸಿದ 464 ತಾಯಂದಿರ ಸಾವುಗಳ ಪರಿಶೀಲನೆ ನಡೆದಾಗ, ಶೇ 70ರಷ್ಟನ್ನು ತಡೆಯಬಹುದಿತ್ತು ಎಂಬ ನಿರ್ಣಯ ಬಂತು.

ತಡೆಯುವ ದಾರಿಗಳು ಗೊತ್ತಿರುವವೇ. ಸಿಸೇರಿಯನ್‌ಗೆ ಕತ್ತರಿ ಹಾಕುವ ಮೊದಲೇ ಒಂದು ಡೋಸ್ ಆ್ಯಂಟಿಬಯೋಟಿಕ್ ಕೊಡುವುದು, ಕೈ ತೊಳೆಯುವುದು, ಅನಗತ್ಯ ಒಳಪರೀಕ್ಷೆ ಬಿಡುವುದು. ಇದಕ್ಕೆ ಹೊಸದೊಂದು ಸೇರಿದೆ, ಅದರಲ್ಲಿ ಕರ್ನಾಟಕದ ಪಾಲೂ ಇದೆ. ಸಹಜ ಹೆರಿಗೆಗೆ ಬಂದ ತಾಯಂದಿರಿಗೆ ನೋವಿನ ವೇಳೆ ಒಮ್ಮೆ 2 ಗ್ರಾಂ ಅಜಿತ್ರೊಮೈಸಿನ್ ನುಂಗಿಸಿದರೆ ನಂಜು ಕಡಿಮೆಯಾಗುತ್ತದೆಯೇ ಎಂದು ಏಳು ದೇಶಗಳಲ್ಲಿ 29,000ಕ್ಕೂ ಹೆಚ್ಚು ತಾಯಂದಿರ ಮೇಲೆ ಪರೀಕ್ಷೆ ನಡೆಯಿತು. ಭಾರತದ ಎರಡು ನೆಲೆಗಳಲ್ಲಿ ಒಂದು ಬೆಳಗಾವಿ, ಇನ್ನೊಂದು ನಾಗಪುರ. 2023ರಲ್ಲಿ ಬಂದ ಫಲಿತಾಂಶದಲ್ಲಿ ನಂಜು ಅಥವಾ ಸಾವಿನ ಪ್ರಮಾಣ ಶೇ 2.4ರಿಂದ ಶೇ 1.6ಕ್ಕೆ ಇಳಿದಿತ್ತು.

ಮನೆಗೆ ಬಂದ ಮೇಲೆ

ಸಹಜ ಹೆರಿಗೆಯವಳು ಎರಡು ದಿನಕ್ಕೆ, ಸಿಸೇರಿಯನ್ ಆದವಳು ನಾಲ್ಕೈದು ದಿನಕ್ಕೆ ಮನೆಗೆ ಬರುತ್ತಾಳೆ. ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬಂದು ಕೂಸನ್ನೂ ತಾಯಿಯನ್ನೂ ನೋಡಬೇಕೆಂಬುದು ನಿಯಮ. ಹಳ್ಳಿಯಲ್ಲಿ ಇದು ಬಹುಮಟ್ಟಿಗೆ ನಡೆಯುತ್ತದೆ. ನಗರದಲ್ಲಿ ಆಶಾರನ್ನು ನೇಮಿಸಿರುವುದು ಮುಖ್ಯವಾಗಿ ಕೊಳೆಗೇರಿ ಮತ್ತು ಬಡವರ ವಸತಿಗಳಿಗೆ. ಗೇಟಿನಲ್ಲಿ ಕಾವಲುಗಾರನಿರುವ ಅಪಾರ್ಟ್‌ಮೆಂಟು ಆ ಪಟ್ಟಿಯಲ್ಲಿಲ್ಲ. ಮೂರು ತಿಂಗಳಿಗೊಮ್ಮೆ ಜಾಗ ಬದಲಿಸುವ ಕಟ್ಟಡ ಕಾರ್ಮಿಕರ ಶೆಡ್ಡೂ ಪಟ್ಟಿಯಿಂದ ಜಾರಿಹೋಗುತ್ತದೆ. ಶ್ರೀಮಂತಳೂ ಕಡುಬಡವಳೂ ಒಂದೇ ಬಗೆಯಲ್ಲಿ ಮರುಭೇಟಿ ಇಲ್ಲದವರಾಗುವುದು ಈ ವಲಯಗಳ ವಿಚಿತ್ರ. ಖಾಸಗಿ ಆಸ್ಪತ್ರೆಗಳು ಏಳನೆಯ ದಿನ ಒಂದು ಫೋನ್ ಮಾಡಿ ಜ್ವರವಿದೆಯೇ, ಹೊಲಿಗೆ ಹೇಗಿದೆ, ಸ್ರಾವದ ವಾಸನೆ ಹೇಗಿದೆ ಎಂದು ಮೂರು ಪ್ರಶ್ನೆ ಕೇಳಿದರೂ ಎಷ್ಟೋ ಸುಧಾರಿಸೀತು.

ಸರ್ಕಾರದ ಕಡೆಯಿಂದ ಇರುವ ಆಸರೆಗಳು: ಸಲಹೆಗೆ 104, ತುರ್ತಿಗೆ 108, ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತವರನ್ನು ಮನೆ ಮುಟ್ಟಿಸುವ ನಗು–ಮಗು ವಾಹನ, 2023ರಿಂದ ವಾರ್ಡುಗಳಲ್ಲಿ ತೆರೆದ ನಮ್ಮ ಕ್ಲಿನಿಕ್. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಷ್ಟೇ ಅಲ್ಲ, ಆನಂತರದ 42 ದಿನಗಳಲ್ಲಿ ತಾಯಿಗೆ ಆಗುವ ತೊಂದರೆಯ ಚಿಕಿತ್ಸೆಯೂ ಉಚಿತ. ದುಡಿಯುವ ತಾಯಂದಿರಿಗೆ ತಿಳಿಯದೇ ಉಳಿದಿರುವ ಹಕ್ಕೊಂದಿದೆ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರವಾದದ್ದು ಎಲ್ಲರಿಗೂ ಗೊತ್ತು. ಹೆರಿಗೆಯಿಂದ ಉಂಟಾದ ಕಾಯಿಲೆಗೆ ಅದರ ಮೇಲೆ ಇನ್ನೊಂದು ತಿಂಗಳವರೆಗೆ ಸಂಬಳಸಹಿತ ರಜೆ ಪಡೆಯಬಹುದು. 1961ರ ಕಾಯ್ದೆಯಲ್ಲಿದ್ದ ಈ ಅವಕಾಶ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ, ಇಎಸ್‌ಐ ನಿಯಮದಲ್ಲೂ ಇದೆ. ಬಿಚ್ಚಿಕೊಂಡ ಹೊಲಿಗೆ, ಕೀವಾದ ಮೊಲೆಬಾವು ಇಂಥ ಕಾಯಿಲೆಗಳೇ. ವೈದ್ಯರ ಪ್ರಮಾಣಪತ್ರ ಬೇಕು.

ಆರನೆಯ ವಾರಕ್ಕೆ ಮಗುವಿಗೆ ಪೆಂಟಾವೇಲೆಂಟ್ ಲಸಿಕೆಯ ಮೊದಲ ಡೋಸ್ ಹಾಕಿಸಬೇಕು. ಸಾಫ್ಟ್‌ವೇರ್ ಕುಟುಂಬವಾಗಲಿ ಗಾರ್ಮೆಂಟ್ಸ್ ಕುಟುಂಬವಾಗಲಿ ಈ ದಿನವನ್ನು ತಪ್ಪಿಸುವುದು ಕಡಿಮೆ. ಬಾಣಂತನದ 42ನೆಯ ದಿನವೂ ಅದೇ. ತಾಯಿ ಕೂಸನ್ನೆತ್ತಿಕೊಂಡು ನರ್ಸಿನ ಎದುರೇ ಕುಳಿತಿರುತ್ತಾಳೆ. ಕೂಸಿನ ತೂಕ ನೋಡುತ್ತಾರೆ, ತೊಡೆಗೆ ಸೂಜಿ ಹಾಕುತ್ತಾರೆ, ಕಾರ್ಡಿನಲ್ಲಿ ಬರೆಯುತ್ತಾರೆ. ತಾಯಿಯ ಹೊಲಿಗೆ ನೋಡಲು, ಉರಿಮೂತ್ರವಿದೆಯೇ ಎಂದು ಕೇಳಲು ಇನ್ನು ಐದು ನಿಮಿಷ ಸಾಕು, ಒಂದು ಪರದೆ ಸಾಕು.